ಮಗಳಿಗೊಂದು ಪತ್ರ: ಅರ್ಧ ಸರಿಯಿದ್ದ ಲೆಕ್ಕ

ಸನ್ನಿವೇಲ್, ಕ್ಯಾಲಿಫೋರ್ನಿಯಾ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನಾಲ್ಕು ದಿನಗಳಿಂದ ನಾವಿಬ್ಬರೂ ಒಂದೇ ಮನೆಯಲ್ಲಿದ್ದರೂ "ಊಟ ಆಯಿತಾ", "ಬಾಗಿಲು ಹಾಕಿಕೋ" ಎಂಬ ಮಾತುಗಳನ್ನು ಬಿಟ್ಟರೆ ಬೇರೇನೂ ಆಡಿಲ್ಲ. ಯುಗಾದಿ ಊಟಕ್ಕೆ ಬಂದಿದ್ದವರ ಮುಂದೆ ನಾನು ಹೇಳಿದ್ದೇನು, ಎಲೆಯ ಮುಂದಿನಿಂದ ಎದ್ದು ಹೋಗುವ ಮೊದಲು ನೀನು ಹೇಳಿದ್ದೇನು ಎಂಬುದು ಇಬ್ಬರಿಗೂ ನೆನಪಿದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಸೋಮವಾರ ಬೆಳಿಗ್ಗೆ ನೀನು ಮೊದಲ ಬಾರಿಗೆ ಹೈಸ್ಕೂಲೊಂದರ ಗಣಿತದ ತರಗತಿಯಲ್ಲಿ, ಪಾಠ ಮಾಡುವುದನ್ನು ಕಲಿಯಬೇಕಾದವಳಾಗಿ, ಹಿಂದಿನ ಸಾಲಿನಲ್ಲಿ ಕುಳಿತು ನೋಡಲು ಹೋಗುತ್ತಿದ್ದೀಯೆ. ಅಷ್ಟರೊಳಗೆ ಈ ಪತ್ರ ನಿನ್ನ ಕೈ ಸೇರಬೇಕು. ಎದುರು ಕುಳಿತು ಹೇಳಲು ಹೊರಟರೆ ನನ್ನ ದನಿ ಏರುತ್ತದೆ, ನೀನು ಇಂಗ್ಲಿಷಿಗೆ ಹೊರಳುತ್ತೀಯೆ, ಆಮೇಲೆ ಮಾತು ಎಲ್ಲಿಗೋ ಹೋಗಿಬಿಡುತ್ತದೆ.

ಮೊದಲು ಒಂದು ವಿಷಯ. ಆ ದಿನ ಬಂದಿದ್ದ ಎರಡೂ ಮನೆಯವರಿಗೆ ನಿನ್ನೆ ನಾನೇ ಫೋನ್ ಮಾಡಿದೆ. "ನನ್ನ ಮಗಳು ಡಿ ಆನ್ಜಾ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಓದುತ್ತಿದ್ದಾಳೆ, ಹೈಸ್ಕೂಲ್ ಶಿಕ್ಷಕಿಯಾಗುತ್ತಾಳೆ, ಇದು ತಾತ್ಕಾಲಿಕ ಎಂದು ನಾನು ಅಂದದ್ದು ಸುಳ್ಳು" ಎಂದು ಹೇಳಿದೆ. ಹಾಸನದ ನಿನ್ನ ದೊಡ್ಡಮ್ಮನಿಗೂ ಹೇಳಿದೆ. ಕಳೆದ ವರ್ಷ ನಾನು ಕಾಲೇಜಿನ ಹೆಸರು ಹೇಳಿದಾಗ ಅವರು "ಯಾವ ಕಮ್ಯುನಿಟಿಯವರ ಕಾಲೇಜು ಅದು?" ಎಂದು ಕೇಳಿದ್ದರು. ಅವರ ತಪ್ಪೇನಿಲ್ಲ, ನಮ್ಮ ಕಡೆ ಆ ಪದಕ್ಕೆ ಜಾತಿ ಎಂಬ ಒಂದೇ ಅರ್ಥ. ಆದರೆ ಇಲ್ಲಿ ಅದು ಎಲ್ಲರಿಗೂ ತೆರೆದಿರುವ ಎರಡು ವರ್ಷದ ಸರ್ಕಾರಿ ಕಾಲೇಜು ಎಂದು ಅಂದು ನಾನು ವಿವರಿಸಬೇಕಿತ್ತು. ವಿವರಿಸಲು ನಾಚಿಕೆಯಾಗಿ ಫೋನು ಸರಿಯಾಗಿ ಕೇಳಿಸುತ್ತಿಲ್ಲ ಎಂದು ಇಟ್ಟುಬಿಟ್ಟೆ. ಇಂಜಿನಿಯರಿಂಗಿಗೆ ಸೀಟು ಸಿಕ್ಕಿದ್ದ ಮಗಳು ಅದನ್ನು ಬಿಟ್ಟು ಇಲ್ಲಿಗೆ ಸೇರಿದ್ದಾಳೆ ಎಂದು ಹೇಳುವಾಗ ನನ್ನ ನಾಲಿಗೆ ತಡವರಿಸುತ್ತಿತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

ಈ ನಾಲ್ಕು ರಾತ್ರಿ ಕುಳಿತು, ನೀನು ಎಷ್ಟೋ ಸಲ ಹೇಳಲು ಬಂದು ನಾನು ಕೇಳಿಸಿಕೊಳ್ಳದೇ ಹೋದದ್ದನ್ನೆಲ್ಲ ಓದಿದೆ. 1960ರಲ್ಲಿ ಈ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಯೋಜನೆ ಮಾಡಿಕೊಂಡಿತು: ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೆಯ ಒಂದು ಭಾಗದವರು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ, ಮೂರನೆಯ ಒಂದು ಭಾಗದವರು ಸ್ಟೇಟ್ ವಿಶ್ವವಿದ್ಯಾಲಯಗಳಿಗೆ, ಕಮ್ಯುನಿಟಿ ಕಾಲೇಜುಗಳ ಬಾಗಿಲು ಮಾತ್ರ ಓದಿನಿಂದ ಪ್ರಯೋಜನ ಪಡೆಯಬಲ್ಲ ಎಲ್ಲರಿಗೂ. ಇಂದು ಅಂಥ ಕಾಲೇಜುಗಳು ರಾಜ್ಯದಲ್ಲಿ 116 ಇವೆ. ನಿನ್ನ ಕಾಲೇಜಿನಲ್ಲಿ ಕೋರ್ಸುಗಳನ್ನು ಅಳೆಯುವ ಒಂದು ಯೂನಿಟ್ಟಿಗೆ ಶುಲ್ಕ 31 ಡಾಲರ್ ಎಂದು ನೀನು ಹೇಳಿದಾಗ, ಅಗ್ಗವಾದದ್ದು ಕಳಪೆಯೇ ಇರಬೇಕು ಎಂದುಕೊಂಡೆ. ಅಲ್ಲಿ ಕ್ವಾರ್ಟರಿನ, ಅಂದರೆ ಮೂರು ತಿಂಗಳ ಅವಧಿಯ, ಲೆಕ್ಕದಲ್ಲಿ 90 ಯೂನಿಟ್ ಮುಗಿಸಿ, 2010ರ ಕಾನೂನಿನಿಂದ ಬಂದ ವರ್ಗಾವಣೆ ಪದವಿಯನ್ನು ಪಡೆದರೆ ಸ್ಟೇಟ್ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಮೂರನೆಯ ವರ್ಷಕ್ಕೆ ಸ್ಥಾನ ಖಚಿತ ಎಂಬುದು ನನಗೆ ತಿಳಿದಿರಲಿಲ್ಲ. ಆ ವ್ಯವಸ್ಥೆಯಲ್ಲೇ ನೀನು ಹೋಗಬೇಕೆಂದಿರುವ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ ಹುಟ್ಟಿದ್ದೇ 1857ರಲ್ಲಿ, ಶಿಕ್ಷಕರನ್ನು ತರಬೇತು ಮಾಡುವ ನಾರ್ಮಲ್ ಸ್ಕೂಲ್ ಆಗಿ, ಅದೂ ಸಂಜೆಯ ಶಾಲೆಯಾಗಿ! ಹಳೆಯ ಮೈಸೂರಿನಲ್ಲಿಯೂ ಮೇಷ್ಟ್ರುಗಳ ತರಬೇತಿ ಶಾಲೆಗೆ ನಾರ್ಮಲ್ ಸ್ಕೂಲ್ ಎಂದೇ ಹೆಸರಿತ್ತು. ನನ್ನ ಅಜ್ಜನ ಬಾಯಲ್ಲಿ ಆ ಮಾತನ್ನು ಕೇಳಿದ್ದೇನೆ. ಅದನ್ನು ಓದಿದಾಗ ನನಗೆ ಯಾಕೋ ಸಮಾಧಾನವಾಯಿತು.

ಆದರೆ ಪುಟ್ಟಿ, ನಾನು ಬರೆಯಲು ಕುಳಿತದ್ದು ಇದಕ್ಕಲ್ಲ. ಕಳೆದ ಫೆಬ್ರವರಿಯಲ್ಲಿ ಒಂದು ರಾತ್ರಿ ಊಟ ಮಾಡುತ್ತ, ಕಾಲೇಜಿನ ಟ್ಯೂಟರಿಂಗ್ ಕೇಂದ್ರದಲ್ಲಿ ನಿನ್ನ ಬಳಿ ಬೀಜಗಣಿತ ಹೇಳಿಸಿಕೊಳ್ಳಲು ನಲವತ್ತು ವರ್ಷದ ಹೆಂಗಸೊಬ್ಬರು ಬರುತ್ತಾರೆ ಎಂದು ನೀನು ಹೇಳಿದೆ. ಅವರು ಅಪವರ್ತಿಸುವಾಗ ಚಿಹ್ನೆ ತಪ್ಪುತ್ತಾರೆ, "ಎಲ್ಲಿಂದ ಹೊರಟಿರಿ, ತೋರಿಸಿ" ಎಂದು ಕೇಳಿದರೆ ತಾವೇ ಸರಿಮಾಡಿಕೊಳ್ಳುತ್ತಾರೆ ಎಂದು ಎಷ್ಟು ಸಂತೋಷದಿಂದ ಹೇಳುತ್ತಿದ್ದೆ. ನಾನು ನಡುವೆಯೇ ಎದ್ದು ಪಾತ್ರೆ ತೊಳೆಯಲು ಹೋದೆ. ಅಮ್ಮನಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂದು ನೀನು ತಿಳಿದೆ. ನಾನು ಎದ್ದದ್ದು ನಿನ್ನ ಮುಂದೆ ಅಳಬಾರದೆಂದು.

ನಾನು ಮದುವೆಗೆ ಮೊದಲು ಎರಡು ವರ್ಷ ಅರಕಲಗೂಡು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ ಎಂಬುದು ನಿನಗೆ ಗೊತ್ತು. ಏನಾಯಿತೆಂದು ಗೊತ್ತಿಲ್ಲ. ಅದು 1999ರ ಆಗಸ್ಟ್. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹೊಳೆಯಾಚೆಯ ಊರಿನಿಂದ ನಡೆದು ಬರುತ್ತಿದ್ದಳು, ಮಳೆಗಾಲದಲ್ಲಿ ದಿನವೂ ತಡವಾಗುತ್ತಿತ್ತು. ಆ ದಿನ ಎರಡನೆಯ ಪೀರಿಯಡ್ಡಿನ ನಡುವೆ ಬಾಗಿಲಲ್ಲಿ ಬಂದು ನಿಂತಳು, ಲಂಗದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನಗೆ ಆಗ ಇಪ್ಪತ್ತಮೂರು ವರ್ಷ. ಶಿಸ್ತು ತಪ್ಪಿದರೆ ತರಗತಿ ಕೈಬಿಟ್ಟು ಹೋಗುತ್ತದೆ ಎಂಬ ಹೆದರಿಕೆ. ಅವಳನ್ನು ನೇರವಾಗಿ ಬೋರ್ಡಿಗೆ ಕರೆದು ಸೀಮೆಸುಣ್ಣ ಕೊಟ್ಟು, ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರು, ಅಪವರ್ತಿಸು ಎಂದೆ. ಕೂಡಿದರೆ ಮೈನಸ್ ಐದು, ಗುಣಿಸಿದರೆ ಪ್ಲಸ್ ಆರು ಬರುವ ಎರಡು ಸಂಖ್ಯೆಗಳು ಬೇಕು. ಅವಳು ಸ್ವಲ್ಪ ಹೊತ್ತು ಯೋಚಿಸಿ, ಮೈನಸ್ ಆರು, ಪ್ಲಸ್ ಒಂದು ಎಂದು ಬರೆದಳು.

ನೀನೇ ನೋಡು. ಕೂಡಿದರೆ ಮೈನಸ್ ಐದೇ ಬರುತ್ತದೆ. ಗುಣಿಸಿದರೆ ಆರೂ ಬರುತ್ತದೆ, ಚಿಹ್ನೆಯೊಂದು ಮಾತ್ರ ತಪ್ಪು. ಆ ಹುಡುಗಿ ಮುಕ್ಕಾಲು ದಾರಿಯನ್ನು ತನ್ನಷ್ಟಕ್ಕೆ ತಾನೇ ನಡೆದಿದ್ದಳು. ನನಗೆ ಕಂಡದ್ದು ಮೈನಸ್ ಆರು ಮಾತ್ರ. "ಇಷ್ಟು ದಿನ ಇಲ್ಲಿ ಏನು ಮಾಡುತ್ತಿದ್ದೆ? ಎಲ್ಲರೂ ಬೋರ್ಡನ್ನು ನೋಡಿ, ಪಾಠ ಕೇಳದಿದ್ದರೆ ಲೆಕ್ಕ ಹೀಗಾಗುತ್ತದೆ" ಎಂದು ಹೇಳಿ, ಆ ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದುಕೊಂಡೇ ಪೀರಿಯಡ್ ಮುಗಿಯುವವರೆಗೆ ಬೋರ್ಡಿನ ಪಕ್ಕದಲ್ಲಿ ನಿಲ್ಲಿಸಿದೆ. ಗಂಟೆ ಹೊಡೆದಾಗ ಒದ್ದೆ ಕೈಯಲ್ಲಿ ಸೀಮೆಸುಣ್ಣ ಕರಗಿ ಅವಳ ಬೆರಳುಗಳೆಲ್ಲ ಬೆಳ್ಳಗಾಗಿದ್ದವು. ಅದನ್ನು ಟೇಬಲ್ಲಿನ ಮೇಲೆ ಇಟ್ಟು, ಲಂಗಕ್ಕೆ ಕೈ ಒರೆಸಿಕೊಂಡು, ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಮಾರನೆಯ ದಿನ ಅವಳು ಬರಲಿಲ್ಲ. ಆ ವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ದಸರಾ ರಜೆಯವರೆಗೂ ಅವಳ ಹೆಸರಿನ ಮುಂದೆ ನಾನೇ ಗೈರುಹಾಜರಿ ಬರೆದೆ. ಹೊಗೆಸೊಪ್ಪಿನ ಕಾಲ, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಎಲೆ ಕಟ್ಟುವ ಕೆಲಸಕ್ಕೆ ಮನೆಯವರು ಹಾಕಿಕೊಂಡಿದ್ದಾರೆ ಎಂದು ಜೊತೆಯ ಹುಡುಗಿಯರು ಹೇಳಿದರು. ನಾನು ನಿಲ್ಲಿಸದಿದ್ದರೂ ಅವಳು ಬಿಡುತ್ತಿದ್ದಳೇನೋ. ಆ ಭಾಗದಲ್ಲಿ ಆ ತಿಂಗಳುಗಳಲ್ಲಿ ಎಷ್ಟೋ ಮಕ್ಕಳು ಶಾಲೆಯಿಂದ ಕಾಣೆಯಾಗುತ್ತಿದ್ದರು. ಹೀಗೆ ನನಗೆ ನಾನೇ ಇಪ್ಪತ್ತೈದು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ, ಒಂದು ದಿನವೂ ಅದರಿಂದ ನಿದ್ದೆ ಬಂದಿಲ್ಲ. ಅವಳ ಮನೆಗೆ ಹೋಗಿ ಕೇಳಬಹುದಿತ್ತು, ಊರು ಎಷ್ಟೂ ದೂರವಿರಲಿಲ್ಲ. ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು, ಹೋಗಲಿಲ್ಲ.

ಕೆಲಸ ಬಿಡುವ ಮೊದಲು ಒಮ್ಮೆ ರಾಮನಾಥಪುರದಿಂದ ಬರುವ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸೀಟಿನಿಂದ ಒಬ್ಬ ಹುಡುಗಿ ಎದ್ದು "ಕೂತುಕೊಳ್ಳಿ ಮಿಸ್" ಎಂದಳು. ಅವಳೇ. ನಾನು ಕೂತೆ. ಅರಕಲಗೂಡು ಬರುವವರೆಗೆ ಅವಳು ಕಂಬಿ ಹಿಡಿದು ನನ್ನ ಪಕ್ಕದಲ್ಲಿ ನಿಂತೇ ಬಂದಳು. ಹೊಗೆಸೊಪ್ಪಿನ ಅಂಟು ಹತ್ತಿ ಬೆರಳುಗಳು ಕಪ್ಪಾಗಿದ್ದವು. ಶಾಲೆಗೆ ಬಾ ಎಂದು ಹೇಳಲಿಲ್ಲ, ನಿನ್ನ ಲೆಕ್ಕ ಅರ್ಧ ಸರಿಯಿತ್ತು ಎಂದೂ ಹೇಳಲಿಲ್ಲ. "ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ" ಎಂದು ಕೇಳಿದೆ. "ಹ್ಞೂಂ ಮಿಸ್" ಎಂದಳು.

ಅವಳಿಗೆ ಈಗ ನಲವತ್ತು ವರ್ಷವಿರಬೇಕು, ನಿನ್ನ ಬಳಿ ಲೆಕ್ಕ ಕೇಳಲು ಬರುವ ಆ ಹೆಂಗಸಿನಷ್ಟು. ಬಾಗಿಲು ಎಲ್ಲರಿಗೂ ಎಂದು ಈ ರಾಜ್ಯದವರು ಬರೆದಿಟ್ಟದ್ದನ್ನು ಓದುವಾಗ, ಅವಳ ಊರಿನ ಹತ್ತಿರ ಅಂಥ ಒಂದು ಬಾಗಿಲಿದ್ದಿದ್ದರೆ ಎಂದು ಯೋಚಿಸುತ್ತ ಎಷ್ಟೋ ಹೊತ್ತು ಸುಮ್ಮನೆ ಕುಳಿತಿದ್ದೆ.

ನೀನು ಶಿಕ್ಷಕಿಯಾಗುತ್ತೇನೆ ಎಂದಾಗ ನಾನು ಸಂಬಳದ ಮಾತು ಎತ್ತಿದೆ, ಇಲ್ಲಿನ ಬಾಡಿಗೆಯ ಮಾತು ಎತ್ತಿದೆ. ಅವು ಸುಳ್ಳಲ್ಲ, ಈ ಸಿಲಿಕಾನ್ ಕಣಿವೆಯಲ್ಲಿ ಒಬ್ಬ ಶಿಕ್ಷಕಿ ತನ್ನ ಸಂಬಳದಲ್ಲಿ ಒಂಟಿಯಾಗಿ ಮನೆ ಮಾಡುವುದು ಹೇಗೆ ಎಂದು ಈಗಲೂ ನನಗೆ ಯೋಚನೆ. ಶಾಲೆಗಳ ಬಗ್ಗೆ ಸುದ್ದಿಯಲ್ಲಿ ಬರುವುದನ್ನು ಕಂಡರೆ ಎದೆ ಒಡೆಯುತ್ತದೆ, ಅದನ್ನು ಬರೆಯಲಾರೆ. ಆದರೆ ಇವೆಲ್ಲದರ ಅಡಿಯಲ್ಲಿದ್ದ ಭಯ ಬೇರೆ. ಒಬ್ಬ ಮಗುವಿನ ಮನಸ್ಸನ್ನು ಒಂದು ಪೀರಿಯಡ್ಡಿನಲ್ಲಿ ಮುರಿದುಬಿಡುವಷ್ಟು ಶಕ್ತಿ ಆ ಕೆಲಸಕ್ಕಿದೆ ಎಂದು ನನಗೆ ಗೊತ್ತಿತ್ತು, ಆ ಭಾರ ನಿನ್ನ ಮೇಲೆ ಬೀಳುವುದು ಬೇಡವಾಗಿತ್ತು. ಇನ್ನೊಂದೂ ಇತ್ತು, ಹೇಳಿಬಿಡುತ್ತೇನೆ: ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನಾನು ಈ ದೇಶಕ್ಕೆ ಬಂದದ್ದು ನಿನ್ನ ಅಪ್ಪನ ವೀಸಾದ ಮೇಲೆ ಅವಲಂಬಿತಳಾಗಿ. ನನ್ನಂಥವರಲ್ಲಿ ಕೆಲವರಿಗೆ ಕೆಲಸ ಮಾಡಲು ಅನುಮತಿ ಸಿಕ್ಕಿದ್ದು 2015ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ನನ್ನ ಬಿ.ಎಡ್. ಅಂಕಪಟ್ಟಿ ಪೆಟ್ಟಿಗೆಯ ತಳ ಸೇರಿತ್ತು. ಅದನ್ನು ಇಲ್ಲಿನವರಿಗೆ ಕಳುಹಿಸಿ ಮೌಲ್ಯಮಾಪನ ಮಾಡಿಸುವ ಧೈರ್ಯವೂ ಉಳಿದಿರಲಿಲ್ಲ. ಆ ಹುಡುಗಿಗೆ ಮಾಡಿದ್ದನ್ನು ಇನ್ನೊಂದು ತರಗತಿಯಲ್ಲಿ ನಿಂತು ತೊಳೆದುಕೊಳ್ಳುವ ಅವಕಾಶ ನನಗೆ ಬರಲೇ ಇಲ್ಲ. ಯುಗಾದಿಯ ದಿನ ನಾಲ್ಕು ಜನರ ಮುಂದೆ ನಿನ್ನ ಆಯ್ಕೆಯನ್ನು ತಪ್ಪು ಲೆಕ್ಕವೆಂಬಂತೆ ತೋರಿಸಿದಾಗ, ನಾನು ಬೋರ್ಡಿನ ಪಕ್ಕ ನಿಲ್ಲಿಸಿದ್ದು ಇನ್ನೊಬ್ಬಳನ್ನು. ಕ್ಷಮಿಸು ಮಗಳೇ.

ಈಗ ಕೆಲವು ಮಾತು ಹೇಳುತ್ತೇನೆ, ಉಪದೇಶ ಎಂದುಕೊಳ್ಳಬೇಡ. ಪ್ರತಿ ಕ್ವಾರ್ಟರಿಗೂ ಕೌನ್ಸೆಲರನ್ನು ಕಂಡು, ಯಾವ ಕೋರ್ಸು ಸ್ಯಾನ್ ಹೋಸೆಯಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ಬರೆಸಿಕೊಂಡು ಬಾ, ಬಾಯಿಮಾತನ್ನು ನಂಬಬೇಡ. ಎಲ್ಲ ಕೋರ್ಸುಗಳ ಪಠ್ಯಕ್ರಮದ ಹಾಳೆಗಳನ್ನು ಒಂದು ಫೈಲಿನಲ್ಲಿ ಇಡು. ಕ್ಯಾಲ್ಕ್ಯುಲಸ್ಸಿನ ನಾಲ್ಕೂ ಭಾಗಗಳನ್ನು ಅವಸರದಲ್ಲಿ ಮುಗಿಸಬೇಡ, ಹೈಸ್ಕೂಲಿನಲ್ಲಿ ಹೇಳಿಕೊಡುವವಳಿಗೆ ಅದರ ಬೇರು ಗೊತ್ತಿರಬೇಕು. ಪದವಿಯ ನಂತರ ಕ್ರೆಡೆನ್ಷಿಯಲ್, ಅಂದರೆ ಶಿಕ್ಷಕರ ಪರವಾನಗಿಗಾಗಿ ಓದುವಾಗ ಕನಿಷ್ಠ 600 ಗಂಟೆ ಶಾಲೆಯಲ್ಲಿ ಅಭ್ಯಾಸವಿದೆ, ಮೊದಲು ಸಿಗುವ ಪರವಾನಗಿ ಐದು ವರ್ಷದ್ದು ಎಂದು ಓದಿದೆ. ನಾನು ಬಿ.ಎಡ್. ಮಾಡಿದ್ದು ಒಂದೇ ವರ್ಷ. ನಿನ್ನ ದಾರಿ ಉದ್ದವಾಯಿತೆಂದು ನೊಂದುಕೊಂಡಿದ್ದೆ, ಈಗ ಉದ್ದವಿರುವುದೇ ಒಳ್ಳೆಯದು ಎನ್ನಿಸುತ್ತದೆ. ಗಂಟಲು ಒಣಗದಂತೆ ನೀರು ಕುಡಿ. ಮೊದಲ ವಾರದಲ್ಲೇ ಮಕ್ಕಳ ಹೆಸರುಗಳನ್ನು ಸರಿಯಾದ ಉಚ್ಚಾರದಲ್ಲಿ ಕಲಿ, ನಿನ್ನ ಹೆಸರನ್ನು ಇಲ್ಲಿನವರು ಏನು ಮಾಡಿದರು ಎಂಬುದು ನಿನಗೇ ಗೊತ್ತಿದೆ. ತಡವಾಗಿ ಬಂದ ಮಗುವನ್ನು ಮೊದಲು ಕೂರಿಸು. ಯಾಕೆ ತಡವಾಯಿತೆಂದು ಕೇಳುವುದಿದ್ದರೆ ಆಮೇಲೆ, ಒಬ್ಬಳೇ ಇದ್ದಾಗ ಕೇಳು.

ಇದನ್ನೆಲ್ಲ ನಿನಗೆ ಹೇಳಬೇಕಾಗಿಯೇ ಇರಲಿಲ್ಲವೇನೋ. ಎರಡು ವರ್ಷದ ಹಿಂದೆ ಭಾನುವಾರದ ಕನ್ನಡ ತರಗತಿಯಲ್ಲಿ ನೀನು ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಾಗ ನಾನು ಬಾಗಿಲ ಹೊರಗೆ ನಿಂತು ನೋಡಿದ್ದೇನೆ, ಅದು ನಿನಗೆ ಗೊತ್ತಿಲ್ಲ. ಒಬ್ಬ ಹುಡುಗ "ಮ" ಬರೆಯುವ ಕಡೆ "ವ" ಬರೆದಿದ್ದ. ನೀನು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಇಲ್ಲಿಯವರೆಗೂ ಸರಿಯಾಗಿ ಬಂದಿದ್ದೀಯಾ, ಇನ್ನೊಂದು ಸುತ್ತು ಬಾಕಿ" ಎಂದೆ. ನಿನಗೆ ಅದನ್ನು ಯಾರು ಹೇಳಿಕೊಟ್ಟರು? ನಾನಂತೂ ಅಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಕಾರು ನಿನಗೇ ಇರಲಿ, ನಾನು ಬಸ್ಸಿನಲ್ಲಿ ಹೋಗುತ್ತೇನೆ. ಆ ತರಗತಿಯಲ್ಲಿ ಯಾವುದಾದರೂ ಮಗು ಬೋರ್ಡಿನ ಮುಂದೆ ತಪ್ಪು ಮಾಡಿದರೆ ಅಲ್ಲಿನ ಟೀಚರ್ ಏನು ಮಾಡಿದರು, ಆ ಮಗು ತನ್ನ ಜಾಗಕ್ಕೆ ಹೇಗೆ ಹಿಂದಿರುಗಿತು ಎಂಬುದನ್ನು ಗಮನಿಸಿ ಬಾ. ಸಂಜೆ ಬಂದು ನನಗೆ ಹೇಳು. ಈ ಸಲ ನಾನು ನಡುವೆ ಎದ್ದು ಹೋಗುವುದಿಲ್ಲ.

ಇಂತಿ ನಿನ್ನ
ಅಮ್ಮ