ನ್ಯಾಯಾಧೀಶರಿಗೆ ಕಾಗದ ಬರೆದ ಹಾಡುಗಾರ: ಮಗಳಿಗೊಂದು ಪತ್ರ

ಧಾರವಾಡ

ಚಿ. ಸುಮಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಅಪ್ಪನ ಮಂಡಿನೋವು ಈ ಚಳಿಗೆ ಸ್ವಲ್ಪ ಕಾಡುತ್ತಿದೆ, ಗಾಬರಿಪಡುವಂಥದ್ದೇನಲ್ಲ. ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ನನ್ನ ತಲೆಯಲ್ಲೇ ಉಳಿದಿದೆ. ನಿನ್ನ ವಕೀಲಿ ಕೆಲಸದಲ್ಲಿ, ಕುಡಿದ ಅಮಲಿನಲ್ಲಿ ಇನ್ನೊಬ್ಬರ ತಲೆ ಒಡೆದ ಹುಡುಗರ ಕೇಸುಗಳನ್ನು ನೋಡಿ ಬೇಸತ್ತು, "ಪೆಟ್ಟು ತಿಂದವರ ಬಾಯಲ್ಲಿ ಜೈಲಿಗೆ ಹಾಕಿ ಎನ್ನುವುದನ್ನು ಬಿಟ್ಟು ಬೇರೆ ಮಾತೇ ಬರುವುದಿಲ್ಲ ಅಮ್ಮಾ" ಎಂದೆ. ಬೇರೆ ಮಾತು ಆಡಿದವನೊಬ್ಬ ನನಗೆ ಗೊತ್ತು, ಮಗಳೇ. ಹಬ್ಬಕ್ಕೆ ಬಂದಾಗಲೆಲ್ಲ ಅಡುಗೆಮನೆಯ ಹಾಡು ಕೇಳಿ "ಇದ್ಯಾರಮ್ಮ, ಗಂಟಲು ಹರಿದುಹೋಗುವ ಹಾಗೆ ಹಾಡುತ್ತಾನೆ" ಎಂದು ನಗುತ್ತಿದ್ದೆಯಲ್ಲ, ಅವನೇ. ಜಮೈಕಾದ ಟೂಟ್ಸ್ ಹಿಬ್ಬರ್ಟ್. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲವೆಂದು ಕಾಗದ ಪೆನ್ನು ಹಿಡಿದು ಕೂತಿದ್ದೇನೆ.

ನಾನು ಅವನ ಹೆಸರು ಕೇಳಿದ್ದೇ ಅವನು ತೀರಿಕೊಂಡ ಮೇಲೆ. 2020ರ ಸೆಪ್ಟೆಂಬರಿನಲ್ಲಿ, ಎಲ್ಲರೂ ಮನೆಯೊಳಗೆ ಕೂತಿದ್ದ ದಿನಗಳಲ್ಲಿ, ಸುದ್ದಿ ಓದಿ ಮೊಬೈಲಿನಲ್ಲಿ ಒಂದು ಹಾಡು ಹುಡುಕಿ ಹಾಕಿದೆ. ಅಂದಿನಿಂದ ಬಿಟ್ಟಿಲ್ಲ. ಅವನು ಹಾಡುವುದು ರೆಗ್ಗೆ ಎಂಬ ಜಮೈಕಾದ ಸಂಗೀತ. ರೆಗ್ಗೆ ಎಂದರೆ ನಮ್ಮ ಕಡೆ ಗೋಕರ್ಣದ ಅಂಗಡಿಗಳಲ್ಲಿ ತೂಗುವ ಟೀ ಶರ್ಟಿನ ಮೇಲಿನ ಬಾಬ್ ಮಾರ್ಲಿಯ ಮುಖ, ಅಷ್ಟೇ. ಮಾರ್ಲಿ ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಗೀತಕ್ಕೆ ರೆಗ್ಗೆ ಎಂಬ ಹೆಸರು ಮೊದಲು ಹಾಡಾಗಿ ಕೇಳಿಸಿದ್ದು ಟೂಟ್ಸ್ ಮತ್ತು ಅವನ ಗೆಳೆಯರ ಬಾಯಲ್ಲಿ, 1968ರ 'ಡೂ ದ ರೆಗ್ಗೇ' ಎಂಬ ಹಾಡಿನಲ್ಲಿ.

ಅವನ ಪೂರ್ತಿ ಹೆಸರು ಫ್ರೆಡರಿಕ್ ನಥಾನಿಯಲ್ ಹಿಬ್ಬರ್ಟ್. ಹುಟ್ಟಿದ್ದು 1942ರ ಡಿಸೆಂಬರ್ 8ರಂದು, ಕ್ಲಾರೆಂಡನ್ ಸೀಮೆಯ ಮೇ ಪೆನ್ ಎಂಬ ಊರಿನಲ್ಲಿ. ಏಳು ಮಕ್ಕಳಲ್ಲಿ ಕಿರಿಯವನು. ಟೂಟ್ಸ್ ಎಂಬುದು ಅಣ್ಣ ಇಟ್ಟ ಅಡ್ಡಹೆಸರು. ತಂದೆ ತಾಯಿ ಇಬ್ಬರೂ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಬೋಧಕರು. ಹುಡುಗ ಹಾಡಲು ಕಲಿತದ್ದು ಚರ್ಚಿನಲ್ಲಿ. ಹನ್ನೊಂದರ ವಯಸ್ಸಿಗೆಲ್ಲ ಇಬ್ಬರನ್ನೂ ಕಳೆದುಕೊಂಡು ತಬ್ಬಲಿಯಾದ. ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನಿನಲ್ಲಿದ್ದ ಅಣ್ಣನ ಮನೆ ಸೇರಿ, ಕ್ಷೌರದಂಗಡಿಯಲ್ಲಿ ಕೆಲಸಕ್ಕೆ ನಿಂತ. ಕೆಲಸ ಮಾಡುತ್ತ ಹಾಡಿಕೊಳ್ಳುತ್ತಿದ್ದ. ರಾಲೀ ಗಾರ್ಡನ್, ಜೆರ್ರಿ ಮಥಾಯಸ್ ಎಂಬ ಇನ್ನಿಬ್ಬರು ಹುಡುಗರು ಜೊತೆಯಾದರು. ಮೂವರೂ ಕೂಡಿ ಕಟ್ಟಿದ ತಂಡವೇ 'ದ ಮೇಟಲ್ಸ್'.

ಅದು ಜಮೈಕಾ ಬ್ರಿಟಿಷರಿಂದ ಬಿಡುಗಡೆಯಾದ ಕಾಲ. 1962ರ ಆಗಸ್ಟ್ 6ರಂದು ಸ್ವಾತಂತ್ರ್ಯ ಬಂತು. ಊರಿಗೆ ಊರೇ ಕುಣಿಯುತ್ತಿದ್ದ ಸಂಗೀತ ಸ್ಕಾ, ಬಲು ಚುರುಕಿನ ನಡೆಯದು. ಮುಂದೆ ಅದರ ವೇಗ ತಗ್ಗಿ ರಾಕ್‌ಸ್ಟೆಡಿ ಆಯಿತು, ಬಳಿಕ ರೆಗ್ಗೆ. ನಾಲ್ಕೆಣಿಕೆಯಲ್ಲಿ ಎರಡು ಮತ್ತು ನಾಲ್ಕರ ಮೇಲೆ ಗಿಟಾರು ಚಕ್ಕೆಂದು ಕಡಿಯುತ್ತದೆ, ಕೆಳಗೆ ಬೇಸ್ ಗಿಟಾರು ತನ್ನದೇ ರಾಗ ನುಡಿಸುತ್ತ ಭಾರವಾಗಿ ನಡೆಯುತ್ತದೆ. ಗಿಟಾರು ಮತ್ತು ಬೇಸಿನ ನಡುವಿನ ಖಾಲಿ ಜಾಗದಲ್ಲಿ ಹಾಡುಗಾರ ಎಷ್ಟು ಬೇಕಾದರೂ ಕೈಕಾಲು ಚಾಚಬಹುದು. ಟೂಟ್ಸ್ ಚಾಚಿದ. ಅಮೆರಿಕದ ಕರಿಯರ ಚರ್ಚುಗಳಿಂದ ಹೊರಬಂದ ಸೋಲ್ ಸಂಗೀತವೂ, ತನ್ನ ಊರಿನ ಚರ್ಚಿನ ಹಾಡುಗಳೂ ಅವನ ಗಂಟಲಿನಲ್ಲಿ ಕೂಡಿಕೊಂಡವು. ಅವನನ್ನು ಅಮೆರಿಕದ ಸೋಲ್ ಹಾಡುಗಾರ ಓಟಿಸ್ ರೆಡ್ಡಿಂಗ್‌ಗೆ ಹೋಲಿಸದ ವಿಮರ್ಶಕರೇ ಕಡಿಮೆ. ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ಹಿರಿಯರೊಬ್ಬರು ಸೊಲ್ಲು ಎತ್ತಿಕೊಟ್ಟು, ಉಳಿದವರು ಹಿಡಿದು ಹಾಡುವಾಗ ಹಿರಿಯರು ಸುಮ್ಮನಿರದೆ ನಡುವೆ ನಡುವೆ "ಹೂಂ", "ಆಹಾ" ಎಂದು ಇನ್ನಷ್ಟು ಕಾವು ಏರಿಸುತ್ತಾರಲ್ಲ, ಟೂಟ್ಸ್ ಹಾಡುವುದು ಹಾಗೆಯೇ. ಶಬ್ದ ಮುಗಿದ ಮೇಲೂ ಅವನ ಹಾಡು ಮುಗಿಯುವುದಿಲ್ಲ.

ಈಗ ನಿನ್ನ ವೃತ್ತಿಗೆ ಸಂಬಂಧಪಟ್ಟ ಭಾಗ. 1966ರಲ್ಲಿ ಸ್ವಾತಂತ್ರ್ಯೋತ್ಸವದ ಅಂಗವಾಗಿ ಜಮೈಕಾದಲ್ಲಿ ಮೊದಲ ಸಲ ರಾಷ್ಟ್ರೀಯ ಹಾಡಿನ ಸ್ಪರ್ಧೆ ನಡೆಯಿತು. ಗೆದ್ದದ್ದು ಮೇಟಲ್ಸ್, 'ಬ್ಯಾಮ್ ಬ್ಯಾಮ್' ಹಾಡಿಗೆ. ಅದೇ ವರ್ಷ ಗಾಂಜಾ ಇಟ್ಟುಕೊಂಡಿದ್ದ ಆರೋಪದ ಮೇಲೆ ಟೂಟ್ಸ್‌ನನ್ನು ಪೊಲೀಸರು ಹಿಡಿದರು. ಇಪ್ಪತ್ತಮೂರರ ಹರೆಯ, ದೇಶವೇ ಹಾಡು ಗುನುಗುತ್ತಿದೆ, ಹಾಡಿದವನು ಮಾತ್ರ ಜೈಲಿನಲ್ಲಿ. ಇಂಗ್ಲೆಂಡಿಗೆ ಪ್ರವಾಸ ಹೊರಡುವ ಹೊತ್ತಿನಲ್ಲಿ ತನ್ನನ್ನು ಬೇಕೆಂದೇ ಸಿಕ್ಕಿಸಿದರು, ತಾನು ನಿರಪರಾಧಿ ಎಂದು ಅವನು ಕೊನೆಯವರೆಗೂ ಹೇಳುತ್ತಿದ್ದ. ಹರೆಯದ 18 ತಿಂಗಳು ಹಾಗೆ ಹೋಯಿತು.

ಹೊರಬಂದವನು ಲೆಸ್ಲೀ ಕಾಂಗ್ ಬಳಿಗೆ ಹೋದ. ಚೀನೀ ಮೂಲದ ಜಮೈಕನ್ ಆಗಿದ್ದ ಕಾಂಗ್ ಅಣ್ಣತಮ್ಮಂದಿರೊಡನೆ ಬೆವರ್ಲೀಸ್ ಎಂಬ ಐಸ್‌ಕ್ರೀಂ ಅಂಗಡಿ ನಡೆಸುತ್ತ, ಅದೇ ಹೆಸರಿನಲ್ಲಿ ಧ್ವನಿಮುದ್ರಿಕೆಗಳನ್ನೂ ತರುತ್ತಿದ್ದ. ಅಲ್ಲಿ ಹುಟ್ಟಿದ್ದು '54-46 ದಟ್ಸ್ ಮೈ ನಂಬರ್'. ಕೈದಿಯ ಸಂಖ್ಯೆಯೇ ಹಾಡಿನ ಹೆಸರು. ಕೈ ಮೇಲೆತ್ತು ಎನ್ನುವ ಪೊಲೀಸನ ಗದರಿಕೆ ಹಾಡಿನೊಳಗೇ ಬರುತ್ತದೆ, ತಾನು ತಪ್ಪು ಮಾಡಿಲ್ಲ ಎನ್ನುವ ಮಾತೂ ಬರುತ್ತದೆ. ಇಷ್ಟು ಕೇಳಿದರೆ ದುಃಖದ ಹಾಡೆಂದು ನೀನು ಅಂದುಕೊಳ್ಳುತ್ತೀಯೆ. ಅಲ್ಲವೇ ಅಲ್ಲ. ಕುಳಿತಲ್ಲಿ ಕೂರಲು ಬಿಡದ ಹಾಡು. ನಡುವೆ ಎಲ್ಲ ವಾದ್ಯಗಳೂ ತಡೆದು ನಿಲ್ಲುತ್ತವೆ. ಒಂದು ಸಲ ಕೊಡಿ ಎಂದು ಅವನು ಕೇಳುತ್ತಾನೆ, ಇಡೀ ಮೇಳ ಒಟ್ಟಾಗಿ ಒಂದು ಪೆಟ್ಟು ಕೊಡುತ್ತದೆ. ಎರಡು ಸಲ ಎಂದರೆ ಎರಡು, ಮೂರು ಎಂದರೆ ಮೂರು. ಜೈಲಿನಲ್ಲಿ ಸಂಖ್ಯೆ ಹಿಡಿದು ಕರೆಸಿಕೊಂಡವನು ಈಗ ತಾನೇ ಎಣಿಕೆ ಹೇಳಿ ಎಲ್ಲರಿಂದ ಪೆಟ್ಟು ಹಾಕಿಸುತ್ತಾನೆ! ಆ ಜಾಗ ಬಂದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಆ ಮೂರು ನಾಲ್ಕು ವರ್ಷಗಳಲ್ಲಿ ಬಂದ ಹಾಡುಗಳೇ ಅವನ ಅತ್ಯುತ್ತಮ ಹಾಡುಗಳೆಂದು ನನ್ನ ಅಭಿಪ್ರಾಯ. 'ಪ್ರೆಷರ್ ಡ್ರಾಪ್' ಒಂದು. ಅನ್ಯಾಯ ಮಾಡಿದವರ ಮೇಲೆ ಕೈಯೆತ್ತುವ ಬದಲು, ಭಾರ ನಿನ್ನ ತಲೆಯ ಮೇಲೇ ಬೀಳುತ್ತದೆ ನೋಡು ಎನ್ನುವುದು ತನ್ನ ರೂಢಿ, ಅದೇ ಹಾಡಾಯಿತು ಎಂದು ಅವನು ಹೇಳಿದ್ದಾನೆ. ಮಾಡಿದ್ದುಣ್ಣೋ ಮಹಾರಾಯ, ಅಷ್ಟೇ. ಇಂಗ್ಲೆಂಡಿನ ಕ್ಲ್ಯಾಷ್ ತಂಡ ಇದನ್ನು ಹಾಡಿತು. 'ಮಂಕಿ ಮ್ಯಾನ್' ಹಾಡನ್ನು ಸ್ಪೆಷಲ್ಸ್ ತಂಡವೂ, ಆಮೇಲೆ ಹಾಡುಗಾರ್ತಿ ಏಮಿ ವೈನ್‌ಹೌಸಳೂ ಹಾಡಿದರು.

'ಸ್ವೀಟ್ ಆಂಡ್ ಡ್ಯಾಂಡಿ' ಹಾಡಿನ ವಿಷಯ ಹೇಳದೆ ಮುಂದೆ ಹೋಗಲಾರೆ. 1969ರ ಸ್ಪರ್ಧೆಯನ್ನು ಗೆದ್ದದ್ದು ಇದೇ. ಒಂದು ಮದುವೆ ಮನೆ. ಒಂದು ಕೋಣೆಯಲ್ಲಿ ಮದುಮಗಳು ಎಟ್ಟಿ ಅಳುತ್ತಿದ್ದಾಳೆ, ಕಣ್ಣೊರೆಸಿಕೋ ಎಂದು ತಾಯಿ ಹೇಳುತ್ತಾಳೆ. ಶಾಲೆಯ ಮುಖವನ್ನೇ ನೋಡದವಳ ಹಾಗೆ ದಡ್ಡತನ ಮಾಡಬೇಡ ಎಂದು ತಂದೆ ಗದರುತ್ತಾನೆ. ಇನ್ನೊಂದು ಕೋಣೆಯಲ್ಲಿ ಮದುಮಗ ಜಾನ್ಸನ್ ಕಳವಳದಿಂದ ಒದ್ದಾಡುತ್ತಿದ್ದಾನೆ, ತಲೆಯೆತ್ತಿ ನಿಲ್ಲು ಎಂದು ಮಾವನೋ ಚಿಕ್ಕಪ್ಪನೋ ಧೈರ್ಯ ಹೇಳುತ್ತಾನೆ. ಹೊರಗೆ ಒಂದು ಪೌಂಡ್ ಹತ್ತು ಶಿಲಿಂಗಿನ ಕೇಕು, ಇಪ್ಪತ್ತು ಬಾಟಲಿ ಕೋಲಾ ವೈನ್. ಬಡವರ ಮನೆಯ ಖರ್ಚಿನ ಲೆಕ್ಕ ಸಹಿತ ಇಡೀ ಮದುವೆ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಯಾರನ್ನೂ ಆಡಿಕೊಳ್ಳದೆ, ಅಯ್ಯೋ ಪಾಪ ಎಂದೂ ಅನ್ನದೆ, ನೆರೆಮನೆಯಲ್ಲಿ ನಿಂತು ನೋಡಿದವನ ಅಕ್ಕರೆಯಿಂದ ಹಾಡಿದ್ದಾನೆ. 1972ರಲ್ಲಿ ತೆರೆಕಂಡ 'ದ ಹಾರ್ಡರ್ ದೇ ಕಮ್' ಚಿತ್ರದಲ್ಲಿ ಮೂವರೂ ಸ್ಟುಡಿಯೊದಲ್ಲಿ ನಿಂತು ಇದನ್ನು ಹಾಡುವ ದೃಶ್ಯವಿದೆ, ಹುಡುಕಿ ನೋಡು. ಟೂಟ್ಸ್‌ನ ಮುಖದಲ್ಲಿ ಎಂಥ ಕಳೆ!

1971ರಲ್ಲಿ ಕಾಂಗ್ ಹಠಾತ್ತನೆ ತೀರಿಕೊಂಡ. ನಂತರ ಐಲೆಂಡ್ ಎಂಬ ಧ್ವನಿಮುದ್ರಿಕೆ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್ ಇವರನ್ನು ಹೊರದೇಶಗಳಿಗೆ ಮುಟ್ಟಿಸಿದ. ತಂಡದ ಹೆಸರು 'ಟೂಟ್ಸ್ ಆಂಡ್ ದ ಮೇಟಲ್ಸ್' ಆಯಿತು. 'ಫಂಕಿ ಕಿಂಗ್‌ಸ್ಟನ್', 'ರೆಗ್ಗೆ ಗಾಟ್ ಸೋಲ್' ಮುಂತಾದ ಆಲ್ಬಂಗಳು ಬಂದವು. ಅಮೆರಿಕದ ಹಳ್ಳಿದಾರಿಗಳನ್ನು ನೆನೆಯುವ ಜಾನ್ ಡೆನ್ವರನ ಹಾಡೊಂದನ್ನು ಎತ್ತಿಕೊಂಡು, ವೆಸ್ಟ್ ವರ್ಜೀನಿಯಾ ಇದ್ದಲ್ಲಿ ವೆಸ್ಟ್ ಜಮೈಕಾ ಎಂದು ಹಾಕಿ ಹಾಡಿದ. ಕೇಳಿದರೆ ಮೂಲ ಹಾಡೇ ಜಮೈಕಾದ್ದೇನೋ ಅನ್ನಿಸಬೇಕು, ಹಾಗೆ. 1980ರ ಸೆಪ್ಟೆಂಬರ್ 29ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೇನಲ್ಲಿ ನಡೆದ ಕಛೇರಿಯನ್ನು ಮುದ್ರಿಸಿ, ಒಂದೇ ದಿನದೊಳಗೆ ಅಂಗಡಿಗೆ ತಂದರು. ಮುಂದೆ ಗೆಳೆಯರಿಬ್ಬರೂ ತಂಡ ಬಿಟ್ಟರು, ಇವನು ಬಿಡಲಿಲ್ಲ. 1988ರಲ್ಲಿ ಸೋಲ್ ಸಂಗೀತದ ತವರಾದ ಮೆಂಫಿಸ್‌ಗೇ ಹೋಗಿ, ಆ ಊರಿನ ಹಾಡುಗಳನ್ನು ರೆಗ್ಗೆಯಲ್ಲಿ ಹಾಡಿ ಬಂದ. 2005ರಲ್ಲಿ 'ಟ್ರೂ ಲವ್' ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿ, 2012ರಲ್ಲಿ ಸರ್ಕಾರದಿಂದ ಆರ್ಡರ್ ಆಫ್ ಜಮೈಕಾ ಗೌರವ.

2013ರ ಮೇ ತಿಂಗಳು. ವರ್ಜೀನಿಯಾದ ರಿಚ್‌ಮಂಡಿನಲ್ಲಿ ಬಯಲು ಕಛೇರಿ. ಟೂಟ್ಸ್‌ಗೆ ಆಗ ಎಪ್ಪತ್ತು. ಹಾಡುತ್ತಿದ್ದಾಗಲೇ ಜನರ ನಡುವಿನಿಂದ ತೂರಿಬಂದ ವೋಡ್ಕಾ ಬಾಟಲಿ ತಲೆಗೆ ಬಡಿಯಿತು. ತಲೆಗೆ ಗಾಯವಾಯಿತು. ಎಸೆದವನು ಹತ್ತೊಂಬತ್ತರ ಹುಡುಗ.

ಹೊರಗಿನ ಗಾಯ ಮಾಯಿತು, ಒಳಗಿನದು ಮಾಯಲಿಲ್ಲ. ತಲೆನೋವು, ತಲೆಸುತ್ತು, ಮರೆವು. ಎಲ್ಲಕ್ಕಿಂತ ಮಿಗಿಲಾಗಿ ಜನಜಂಗುಳಿಯ ಭಯ, ವೇದಿಕೆಯ ಭಯ. ಐವತ್ತು ವರ್ಷ ಜನರ ಮುಂದೆ ನಿಂತು ಹಾಡಿದವನು ಜನರನ್ನು ಕಂಡರೆ ಹೆದರುವ ಹಾಗಾಯಿತು. ಪ್ರವಾಸಗಳೆಲ್ಲ ರದ್ದಾದವು. ಮತ್ತೆ ಊರೂರು ತಿರುಗಿ ಹಾಡಲು ಶುರುಮಾಡಿದ್ದು 2016ರಲ್ಲಿ.

ಹುಡುಗನಿಗೆ ಶಿಕ್ಷೆ ಗೊತ್ತುಮಾಡುವ ದಿನ ಬಂದಾಗ ಟೂಟ್ಸ್ ನ್ಯಾಯಾಧೀಶರಿಗೆ ಒಂದು ಕಾಗದ ಬರೆದ. ಆ ಕಾಗದದಲ್ಲಿ ನನಗೆ ಬಹಳ ಹಿಡಿಸಿದ್ದು ಯಾವುದು ಗೊತ್ತೇ? ಅವನು ನೋವನ್ನು ಮುಚ್ಚಿಡಲಿಲ್ಲ. ದೊಡ್ಡ ಮನಸ್ಸು ತೋರಿಸಲು ಹೋಗಿ ಏನೂ ಆಗಿಲ್ಲವೆಂದು ಬರೆಯಲಿಲ್ಲ. ತಲೆಸುತ್ತು, ಮರೆವು, ಭಯ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಅದಾದ ಮೇಲೆ, ಇವನು ಎಳೆಯ ಹುಡುಗ, ಎಳೆಯರಿಗೆ ಜೈಲಿನಲ್ಲಿ ಏನಾಗುತ್ತದೆಂದು ಕೇಳಿದ್ದೇನೆ, ಇವನೂ ಅದನ್ನು ಅನುಭವಿಸಬೇಕಾದರೆ ನನ್ನ ನೋವು ಇನ್ನೂ ಹೆಚ್ಚಾಗುತ್ತದೆ ಎನ್ನುವ ಅರ್ಥದ ಮಾತು ಬರೆದು, ಕರುಣೆ ತೋರಿಸಿ ಎಂದು ಬೇಡಿಕೊಂಡ. ಕಾಗದದಲ್ಲಿ ಕೇಳಿದ್ದೇನೆ ಎಂದಷ್ಟೇ ಬರೆದವನು ಸ್ವತಃ ಇಪ್ಪತ್ತಮೂರಕ್ಕೆ ಜೈಲು ಕಂಡವನು ಎಂಬುದನ್ನು ನೆನೆದು ಓದು ಸುಮಾ, ಕಣ್ಣು ತುಂಬದಿದ್ದರೆ ಹೇಳು.

ನ್ಯಾಯಾಧೀಶರು ಆರು ತಿಂಗಳ ಜೈಲು ವಿಧಿಸಿದರು. ಅದು ಹೆಚ್ಚೋ ಕಡಿಮೆಯೋ ನಾನು ಹೇಳಲಾರೆ. ವೇದಿಕೆಯ ಮೇಲಿನವನ ತಲೆಗೆ ಬಾಟಲಿ ಎಸೆಯುವುದು ಸಣ್ಣ ತಪ್ಪಲ್ಲ, ನ್ಯಾಯಪೀಠಕ್ಕೆ ಅದರದೇ ಹೊಣೆಯಿರುತ್ತದೆ. ನಮ್ಮ ಕೋರ್ಟುಗಳಲ್ಲಿ ಪೆಟ್ಟು ತಿಂದವರು ಇಂಥ ಕಾಗದ ಕೊಟ್ಟರೆ ಅದಕ್ಕೆ ಎಷ್ಟರ ಮಟ್ಟಿನ ಬೆಲೆಯಿದೆ? ನಿನ್ನ ಸೀನಿಯರ್ ಅವರನ್ನು ಕೇಳಿ ನನಗೆ ವಿವರವಾಗಿ ಬರೆ. ಹಾಗೆ ಯಾರಾದರೂ ನಿನ್ನ ಬಳಿಗೆ ಬಂದರೆ, ಮೆತ್ತಗಿನವರೆಂದು ತಳ್ಳಿಹಾಕದೆ ಪೂರ್ತಿ ಕೇಳಿಸಿಕೋ.

2020ರಲ್ಲಿ, ಎಪ್ಪತ್ತೇಳರ ವಯಸ್ಸಿನಲ್ಲಿ, ಅವನು ಅದೇ ಸ್ವಾತಂತ್ರ್ಯೋತ್ಸವದ ಸ್ಪರ್ಧೆಗೆ ಮತ್ತೆ ಹಾಡು ಕಳಿಸಿದ. 1966, 1969, 1972, ಮೂರು ಸಲ ಗೆದ್ದವನಿಗೆ ಅದರ ಗರಜೇನಿತ್ತು ಹೇಳು? ಅಂತಿಮ ಸುತ್ತಿಗೂ ಬಂದ, ಗೆದ್ದದ್ದು ಬೂಜೂ ಬ್ಯಾಂಟನ್ ಎಂಬ ಇನ್ನೊಬ್ಬ ಹಾಡುಗಾರ. ಆಗಸ್ಟ್ 28ಕ್ಕೆ 'ಗಾಟ್ ಟು ಬಿ ಟಫ್' ಎಂಬ ಹೊಸ ಆಲ್ಬಂ ಬಂತು. ಅದರಲ್ಲಿ ಬಾಬ್ ಮಾರ್ಲಿಯ ಹಾಡೊಂದನ್ನು ಮಾರ್ಲಿಯ ಮಗ ಜಿಗ್ಗಿಯ ಜೊತೆ ಹಾಡಿದ್ದಾನೆ. ಎರಡು ವಾರ ಕಳೆದು, ಸೆಪ್ಟೆಂಬರ್ 11ರಂದು, ಕೋವಿಡ್ ಕಾಲದಲ್ಲಿ ಕಿಂಗ್‌ಸ್ಟನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಮರುವರ್ಷ ಆ ಆಲ್ಬಂಗೂ ಗ್ರ್ಯಾಮಿ ಬಂತು.

ಈ ಭಾನುವಾರ ಬಿಡುವಾದರೆ ಮೊದಲು '54-46' ಕೇಳು, ಆಮೇಲೆ ಮದುವೆಯ ಹಾಡು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕೇಳಬೇಡ, ಕೋಣೆಯಲ್ಲಿ ದೊಡ್ಡದಾಗಿ ಹಾಕಿಕೊಂಡು ಕೇಳು. ನಿನ್ನ ರೂಮಿನ ಗೆಳತಿಗೂ ಕೇಳಿಸು. ಶೇಂಗಾ ಹೋಳಿಗೆ, ಅಗಸೆ ಚಟ್ನಿಪುಡಿ ಪಾರ್ಸೆಲ್ ಮಾಡಿದ್ದೇನೆ, ಬುಧವಾರದೊಳಗೆ ಕೈಸೇರಬೇಕು. ತಲುಪಿದ ಕೂಡಲೇ ಫೋನ್ ಮಾಡು, ಹಾಡು ಹೇಗನ್ನಿಸಿತೆಂದೂ ಹೇಳು.

ಇಂತಿ ನಿನ್ನ
ಅಮ್ಮ