ಅಜ್ಜನ ಹುಟ್ಟೂರಿಗೆ ಹೊರಡುವವರ ಗಮನಕ್ಕೆ

ಡೊಂಬಿವಲಿಯ ಎಲ್ಲ ಸದಸ್ಯರಿಗೆ ನಮಸ್ಕಾರ. ರಜೆಯಲ್ಲಿ ಕುಂದಾಪುರ, ಉಡುಪಿ ಕಡೆಯ ಅಜ್ಜನ ಹುಟ್ಟೂರನ್ನು ಹುಡುಕಿಕೊಂಡು ಮತ್ಸ್ಯಗಂಧಾ ರೈಲಿನಲ್ಲಿ ಹೊರಡುವವರು, ಮನೆಯ ಹಳೆಯ ಟ್ರಂಕನ್ನು ಒಮ್ಮೆ ತೆರೆದು ನೋಡಿಕೊಂಡೇ ಹೊರಡಬೇಕೆಂದು ವಿನಂತಿ. ನಮ್ಮಜ್ಜನ ಟ್ರಂಕಿನ ತಳದಲ್ಲಿ, ಮಡಿಕೆಯಲ್ಲೇ ಹರಿದಿದ್ದ ಗೇಣಿ ಚೀಟಿಯೊಂದಿತ್ತು. ಅದರಲ್ಲಿದ್ದ ಸರ್ವೆ ನಂಬರಿನಿಂದಲೇ ನಮಗೆ ಅಜ್ಜನ ಮನೆಯ ಅಂಗಳ ಸಿಕ್ಕಿದ್ದು. 1956ರವರೆಗೆ ಆ ಸೀಮೆ ಮದ್ರಾಸಿಗೆ ಸೇರಿತ್ತು, ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಹಳೆಯ ಕಾಗದಗಳಲ್ಲಿ ‘ಸೌತ್ ಕೆನರಾ’ (ಅಂದರೆ ದಕ್ಷಿಣ ಕನ್ನಡ) ಎಂದಿದ್ದರೆ ಬೇರೆ ಕಡೆಯದೆಂದು ಭಾವಿಸಬಾರದು. ಅಳಿಯಸಂತಾನ ಕಟ್ಟಿನ ಕುಟುಂಬದವರು ಅಜ್ಜನ ತಾಯಿಯ ಮನೆಯ ಹೆಸರನ್ನೇ ಮೊದಲು ವಿಚಾರಿಸಬೇಕು, ಏಕೆಂದರೆ ಮನೆತನ ತಾಯಿಯ ಕಡೆಯಿಂದಲೇ ಬರುತ್ತದೆ. ಇದನ್ನು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅಜ್ಜಿಯನ್ನು ಕೇಳದೆ ಉಳಿದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ. ಹೊರಡುವವರು ಭಾನುವಾರದೊಳಗೆ ಊರಿನ ಹೆಸರು ತಿಳಿಸಿದರೆ, ಆ ಕಡೆಯ ಪರಿಚಯಸ್ಥರಿಗೆ ಹೇಳಿಡುತ್ತೇನೆ.