ಅಪ್ಪನಿಗೆ ಕ್ಯಾನ್ಸರ್ ಇರಲಿಲ್ಲ, ಸಂಕಟ ಇತ್ತು

ಮಾನ್ಯ ಸಂಪಾದಕರೇ,

ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತ್ತು. ಬದುಕುಳಿಯುವ ಭರವಸೆಯೇ ಇಲ್ಲದ ರೋಗಿಯ ವೆಂಟಿಲೇಟರ್ ತೆಗೆಯುವ ಮೊದಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು ಅಂತ. ಒಳ್ಳೆಯದೇ. ಆದರೆ ನಮ್ಮಪ್ಪ ವೆಂಟಿಲೇಟರ್‌ವರೆಗೆ ಹೋಗಲೇ ಇಲ್ಲ. ಜನರಲ್ ವಾರ್ಡಿನಲ್ಲಿ ಹದಿಮೂರು ದಿನ ಉಸಿರಿಗೆ ಒದ್ದಾಡಿ ಹೋದರು. ಅಂಥವರಿಗೆ ಯಾವ ಸುತ್ತೋಲೆ?

ಅಪ್ಪ ತೆಂಗಿನ ನಾರಿನ ಮಿಲ್‌ನಲ್ಲಿ ಮೂವತ್ತು ವರ್ಷ ಧೂಳು ಕುಡಿದವರು. ಜೊತೆಗೆ ಬೀಡಿ. ಡಾಕ್ಟರು ಸಿಒಪಿಡಿ ಅಂದರು, ಅಂದರೆ ಉಸಿರಿನ ದಾರಿ ಕಿರಿದಾಗುತ್ತ ಹೋಗುವ ಶ್ವಾಸಕೋಶದ ಕಾಯಿಲೆ; ಅಪ್ಪ ಕೊನೆಯವರೆಗೂ ದಮ್ಮು ಅಂತಲೇ ಅಂದರು. ಕೊನೆಯ ಸಲ ಸೇರಿಸಿದಾಗ ಅವರಿಗೆ ಮಲಗೋಕೇ ಆಗುತ್ತಿರಲಿಲ್ಲ. ಮಂಚದ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ದಿಂಬು, ದಿಂಬಿನ ಮೇಲೆ ಹಣೆ. ರಾತ್ರಿಯೆಲ್ಲ ಹಾಗೇ. ಆಕ್ಸಿಜನ್, ನೆಬ್ಯುಲೈಜರ್, ಇಂಜೆಕ್ಷನ್ ಎಲ್ಲ ಹೊತ್ತಿಗೆ ಸರಿಯಾಗಿ ಆಯಿತು, ಅದರಲ್ಲಿ ದೂರಿಲ್ಲ. ಚಾರ್ಟಿನಲ್ಲಿ ಬಿಪಿ ಇತ್ತು, ಮೂತ್ರದ ಲೆಕ್ಕವೂ ಇತ್ತು. "ಎಷ್ಟು ಸಂಕಟ ಆಗ್ತಿದೆ ತಾತ?" ಅನ್ನುವುದಕ್ಕೆ ಮಾತ್ರ ಕಾಲಂ ಇರಲಿಲ್ಲ.

ಒಂದು ರಾತ್ರಿ ಡ್ಯೂಟಿಯ ಸಿಸ್ಟರ್ ಬಂದು, "ಮುಖಕ್ಕೆ ಗಾಳಿ ಬೀಸಿ ನೋಡಿ, ದಮ್ಮು ಸ್ವಲ್ಪ ಇಳಿಯುತ್ತೆ" ಅಂದರು. ಎಕ್ಸ್‌ರೇ ಕವರಿನಿಂದ ಬೀಸಿದೆ. ನಿಜವಾಗಿಯೂ ಎರಡು ಗಂಟೆ ನಿದ್ದೆ ಮಾಡಿದರು! ಇಷ್ಟು ಸಣ್ಣ ವಿಷಯ ಹೇಳೋಕೆ ಒಂಬತ್ತು ದಿನ ಬೇಕಾಯಿತಾ ಅಂತ ಸಿಟ್ಟೂ ಬಂತು. ಸಿಸ್ಟರ್ ಮೇಲಲ್ಲ, ಅವರೊಬ್ಬರೇ ಮೂವತ್ತು ಬೆಡ್ ನೋಡುತ್ತಿದ್ದರು.

ಮರುದಿನ ಉಪಶಮನ ಚಿಕಿತ್ಸೆಯವರು, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಇಳಿಸುವವರು, ಯಾರಾದರೂ ಇದ್ದಾರಾ ಅಂತ ಕೇಳಿದೆ. "ನಿಮ್ಮ ತಂದೆಗೆ ಕ್ಯಾನ್ಸರ್ ಇಲ್ವಲ್ಲಮ್ಮ" ಅಂದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಓದಿ ತಿಳಿದುಕೊಂಡೆ. ಈ ಆರೈಕೆ ಬೇಕಾದ ವಯಸ್ಕರಲ್ಲಿ ಕ್ಯಾನ್ಸರ್‌ನವರು ನೂರಕ್ಕೆ 34 ಮಂದಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವರಿಗಿಂತ ಹೃದ್ರೋಗದವರು ಜಾಸ್ತಿ. ಅಪ್ಪನಂಥ ಶ್ವಾಸಕೋಶದವರು ನೂರಕ್ಕೆ ಹತ್ತು. ಬೇಕಾದವರಲ್ಲಿ ಸಿಗುತ್ತಿರುವುದು ನೂರಕ್ಕೆ 14 ಮಂದಿಗೆ ಅಷ್ಟೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕ್ಯಾನ್ಸರ್ ರೋಗಿಗಳನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಾರೆ. ದಮ್ಮಿನ ಮುದುಕ ಎಲ್ಲಿಗೆ ಹೋಗಬೇಕು?

ಅಫೀಮಿನಿಂದ ಮಾಡುವ ಬಲವಾದ ನೋವಿನ ಔಷಧ ಮಾರ್ಫಿನ್ ಕೇಳಿದಾಗಲಂತೂ ನಾನು ವಿಷ ಕೇಳಿದ ಹಾಗೆ ನೋಡಿದರು. "ಸ್ಟಾಕ್ ಇಡಲ್ಲ" ಅಂದರು. ಬೇರೆ ಯಾವುದಕ್ಕೂ ಬಗ್ಗದ ಉಸಿರಾಟದ ಸಂಕಟಕ್ಕೆ ಸಣ್ಣ ಪ್ರಮಾಣದಲ್ಲಿ, ನಿಗಾ ಇಟ್ಟು ಅದನ್ನು ಕೊಡುವುದುಂಟು. ಅಪ್ಪನಿಗೆ ಕೊಡಬಹುದಿತ್ತೋ ಇಲ್ಲವೋ, ತೀರ್ಮಾನ ಡಾಕ್ಟರದ್ದು, ಒಪ್ಪುತ್ತೇನೆ. ಆದರೆ ಔಷಧವೇ ಇಲ್ಲದ ಕಡೆ ತೀರ್ಮಾನದ ಮಾತು ಎಲ್ಲಿ ಬಂತು? 1985ರ ಮಾದಕ ವಸ್ತು ಕಾನೂನಿನ ಬಿಗಿ ಜಾಸ್ತಿಯಾಯಿತು ಅಂತಲೇ ತಾನೇ 2014ರಲ್ಲಿ ಅದಕ್ಕೆ ತಿದ್ದುಪಡಿ ತಂದದ್ದು? ಮಾನ್ಯತೆ ಪಡೆದ ಆಸ್ಪತ್ರೆ ಇದನ್ನು ಇಟ್ಟುಕೊಳ್ಳಬಹುದು. ಕಾನೂನು ಸಡಿಲವಾಗಿ ಇಷ್ಟು ವರ್ಷವಾದರೂ ಭಯ ಸಡಿಲವಾಗಿಲ್ಲ.

ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ತರಬೇತಿಯಾದ ಒಬ್ಬ ಡಾಕ್ಟರು, ಇಬ್ಬರು ಸಿಸ್ಟರ್ ಇರಲಿ. ಅವರು ವಾರ್ಡ್ ವಾರ್ಡಿಗೆ ಹೋಗಿ ನೋಡಲಿ. "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂದ ಮೇಲಲ್ಲ, ಚಿಕಿತ್ಸೆ ನಡೆಯುತ್ತಿರುವಾಗಲೇ. ಅದು ತಡವಾಗುವುದಾದರೆ ಮೊದಲು ಆ ಚಾರ್ಟಿನಲ್ಲಿ ಒಂದು ಕಾಲಂ ಸೇರಿಸಿ. ಅದಕ್ಕೆ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ತಿಪಟೂರು